ಚಿಪ್ ಕೋರ್ಸಿಗೆ ಫೀಸ್ ಕಟ್ಟುವ ಮುಂಚೆ

ಎಲೆಕ್ಟ್ರಾನಿಕ್ಸ್ ಓದಿದ ಮಗನೋ ಮಗಳೋ ಇರುವ ಮನೆಯಲ್ಲಿ ಈಗ ವಿಎಲ್‌ಎಸ್‌ಐ ಅನ್ನೋ ಪದ ಅಜ್ಜಿಗೂ ಗೊತ್ತು. ಫೋನ್ ತೆರೆದರೆ ಸಾಕು, ಚಿಪ್ ಡಿಸೈನ್ ಕೋರ್ಸಿನ ಜಾಹೀರಾತು ಬರುತ್ತೆ. ಆರು ತಿಂಗಳು, ವೀಕೆಂಡ್ ಬ್ಯಾಚ್, ಪ್ಲೇಸ್‌ಮೆಂಟ್ ನೆರವು. ಫೀಸ್ ಲಕ್ಷ ದಾಟಿದ ಮೇಲೆ ಅದು ಬರೀ ಓದಿನ ವಿಷಯ ಅಲ್ಲ, ಮನೆಮಂದಿಯೆಲ್ಲ ಕೂತು ಮಾತಾಡೋ ವಿಷಯ.

ನಮ್ಮ ಚಿಕ್ಕಪ್ಪನ ಮಗಳದ್ದೇ ತಗೊಳ್ಳಿ. ತಿಪಟೂರು ಕಡೆಯ ಹುಡುಗಿ, ಇಸಿ ಮುಗಿಸಿ ಬೆಂಗಳೂರಿನ ಸಣ್ಣ ಕಂಪನಿಯೊಂದರಲ್ಲಿ ಜೂನಿಯರ್ ಡಿಜಿಟಲ್ ಡಿಸೈನರ್ ಆಗಿ ಸೇರಿದ್ದಾಳೆ. ಒಂದು ವರ್ಷ ಪ್ರೊಬೇಷನ್. ಐದು ತಿಂಗಳಾದರೂ ಮೀಟಿಂಗಿನಲ್ಲಿ ಅರ್ಧ ಮಾತು ತಲೆಗೆ ಹೋಗ್ತಿಲ್ಲ ಅನ್ನೋ ಭಯ. ಟ್ರೈನಿಂಗಿಗೆ ಅಂತ ಕಂಪನಿ 30 ಸಾವಿರ ಕೊಡುತ್ತೆ. ಅವಳು ಆರಿಸಿಕೊಂಡಿದ್ದ ವೆರಿಫಿಕೇಶನ್ ಕೋರ್ಸಿಗೆ 1.4 ಲಕ್ಷ. ಉಳಿದದ್ದಕ್ಕೆ ಚಿಕ್ಕಮ್ಮನ ಬಳೆ ಗಿರವಿ ಇಡೋ ಮಾತು ನಡೆದಿತ್ತು. ‘ಅಣ್ಣ, ನೀನು ಹೇಳಿದ್ರೆ ಅಪ್ಪ ಕೇಳ್ತಾರೆ. ಸೇರ್ಕೊಳ್ಳಾ, ಬೇಡ್ವಾ?’ ಅಂದ್ಲು.

ನಾನು ಸಾಫ್ಟ್‌ವೇರಿನವನು. ಅವಳ ಕೆಲಸದ ಲೆಕ್ಕವೇ ಬೇರೆ. ನಮ್ಮ ಕೋಡ್ ಒಂದಾದ ಮೇಲೊಂದು ಸಾಲು ಓಡುತ್ತೆ. ಅವಳು ವೆರಿಲಾಗ್‌ನಲ್ಲಿ ಬರೆದದ್ದು ಸರ್ಕ್ಯೂಟ್ ಆಗುತ್ತೆ, ಅದರ ಭಾಗಗಳೆಲ್ಲ ಒಟ್ಟಿಗೇ ಕೆಲಸ ಮಾಡುತ್ತವೆ. ನಮಗೆ ಬಗ್ ಸಿಕ್ಕರೆ ಸಂಜೆಯೊಳಗೆ ಅಪ್‌ಡೇಟ್ ಕಳಿಸ್ತೀವಿ. ಚಿಪ್ ತಯಾರಾಗಿ ಮಾರುಕಟ್ಟೆಗೆ ಹೋದ ಮೇಲೆ ತಪ್ಪು ಸಿಕ್ಕರೆ ಅದು ಎಲ್ಲ ಸಲ ಸಾಧ್ಯವಿಲ್ಲ. 1994ರಲ್ಲಿ ಇಂಟೆಲ್‌ನ ಪೆಂಟಿಯಂ ಚಿಪ್ಪಿನಲ್ಲಿ ಭಾಗಾಕಾರಕ್ಕೆ ಬಳಸುವ ಕೋಷ್ಟಕದ ಕೆಲವು ಅಂಕಿ ಬಿಟ್ಟುಹೋಗಿದ್ದವು. ಆ ಕಂಪನಿ ಅದಕ್ಕೆ ತೆತ್ತಿದ್ದು 47.5 ಕೋಟಿ ಡಾಲರ್. ವೆರಿಫಿಕೇಶನ್‌ಗೆ ಅಷ್ಟೊಂದು ಎಂಜಿನಿಯರುಗಳು ಬೇಕಾಗೋದು ಇದಕ್ಕೇ. ಆ ಕೋರ್ಸುಗಳಿಗೆ ಬೇಡಿಕೆ ಬಂದಿರೋದೂ ಇದಕ್ಕೇ.

ಆದರೆ ಬೇಡಿಕೆ ಇರೋ ಕೋರ್ಸೆಲ್ಲ ನಮಗೇ ಬೇಕು ಅಂತೇನಿಲ್ಲ. ಡಿಜಿಟಲ್ ಹಾರ್ಡ್‌ವೇರಿನಲ್ಲಿ ಆರ್‌ಟಿಎಲ್ ಡಿಸೈನ್, ವೆರಿಫಿಕೇಶನ್, ಫಿಸಿಕಲ್ ಡಿಸೈನ್, ಡಿಎಫ್‌ಟಿ ಎಲ್ಲವೂ ಬೇರೆ ಬೇರೆ ಕಸುಬು. ಅದಕ್ಕೆ ಅವಳಿಗೆ ಒಂದೇ ಕೆಲಸ ಹೇಳಿದೆ: ‘ಎರಡು ತಿಂಗಳಲ್ಲಿ ಎಲ್ಲೆಲ್ಲಿ ಸಿಕ್ಕಿಹಾಕ್ಕೊಂಡೆ, ನಿಮ್ಮ ಲೀಡ್ ರಿವ್ಯೂನಲ್ಲಿ ಏನೇನು ಬರೆದ್ರು, ಒಂದು ಹಾಳೇಲಿ ಬರ್ಕೊಂಡು ಬಾ.’

ಹಾಳೆಯಲ್ಲಿ ಹನ್ನೊಂದು ಸಾಲಿತ್ತು, ವಿಂಗಡಿಸಿದರೆ ಮೂರೇ ಗುಂಪು. ಒಂದು, ವೆರಿಲಾಗ್ ಬುಡದ್ದು: ಬೇಡದ ಕಡೆ ಲ್ಯಾಚ್ ಬಂದಿರೋದು, ಬ್ಲಾಕಿಂಗ್, ನಾನ್‌ಬ್ಲಾಕಿಂಗ್ ಗೊಂದಲ. ಎರಡು, ಒಂದು ಕ್ಲಾಕಿನ ಸಿಗ್ನಲನ್ನು ಇನ್ನೊಂದು ಕ್ಲಾಕಿನ ಕಡೆಗೆ ದಾಟಿಸೋದು. ಮೂರು, ಎಫ್‌ಪಿಜಿಎ ಟೂಲ್ ಕೊಡುವ ಟೈಮಿಂಗ್ ರಿಪೋರ್ಟ್ ಓದೋದು. ಅವಳು ಸೇರಬೇಕೆಂದಿದ್ದ ಕೋರ್ಸಿನ ಮುಕ್ಕಾಲು ಭಾಗ ಯುವಿಎಂ. ದೊಡ್ಡ ಚಿಪ್ಪುಗಳ ವೆರಿಫಿಕೇಶನ್ ತಂಡಗಳಿಗೆ ಅದು ಬೇಕೇಬೇಕು. ಇವಳ ಹನ್ನೊಂದು ಸಾಲಿನಲ್ಲಿ ಅದರ ಹೆಸರೇ ಇರಲಿಲ್ಲ.

ಮೊದಲ ಗುಂಪಿಗೆ ದುಡ್ಡು ಬೇಕಾಗಿಲ್ಲ. ಎನ್‌ಪಿಟಿಇಎಲ್‌ನಲ್ಲಿ ಐಐಟಿ ಖರಗ್‌ಪುರದ ಪ್ರೊಫೆಸರ್ ಇಂದ್ರನೀಲ್ ಸೆನ್‌ಗುಪ್ತಾ ಅವರ ವೆರಿಲಾಗ್ ಪಾಠಗಳು ಉಚಿತವಾಗಿ ಸಿಗುತ್ತವೆ. ಸರ್ಟಿಫಿಕೇಟ್ ಬೇಕಿದ್ದರೆ ಮಾತ್ರ ಪರೀಕ್ಷೆ ಶುಲ್ಕ. ನೋಡಿದ್ದನ್ನು ಕೈಯಲ್ಲಿ ಮಾಡೋಕೆ ಎಚ್‌ಡಿಎಲ್‌ಬಿಟ್ಸ್ ಇದೆ. ಸಣ್ಣ ಸರ್ಕ್ಯೂಟ್ ಬರೆದರೆ ಸರಿಯೋ ತಪ್ಪೋ ಅಲ್ಲೇ ಗೊತ್ತಾಗುತ್ತೆ. ಐಕಾರಸ್ ವೆರಿಲಾಗ್, ಜಿಟಿಕೆವೇವ್ ಎರಡೂ ಉಚಿತ, ಹಳೇ ಲ್ಯಾಪ್‌ಟಾಪಲ್ಲೂ ಓಡುತ್ತವೆ. ಎರಡನೇ ಗುಂಪಿಗೆ ಕ್ಲಿಫರ್ಡ್ ಕಮಿಂಗ್ಸ್ ಬರೆದ ಪ್ರಬಂಧಗಳಿವೆ. ಇವನ್ನೂ ದುಡ್ಡು ಕೊಡದೆ ಓದಬಹುದು. ನಿಧಾನವಾಗಿ, ಪೆನ್ನು ಹಿಡಿದು ಓದಬೇಕಷ್ಟೆ.

ದುಡ್ಡು ಕೊಟ್ಟು ಕಲಿಯಬೇಕಾದ್ದು ಮೂರನೇದು. ಟೈಮಿಂಗ್ ರಿಪೋರ್ಟಲ್ಲಿ ಸ್ಲ್ಯಾಕ್ ಮೈನಸ್ ಬಂದಾಗ ಸರ್ಕ್ಯೂಟ್ ಬದಲಿಸಬೇಕೋ, ಕನ್‌ಸ್ಟ್ರೇಂಟ್ ಸರಿ ಬರೆದಿಲ್ಲವೋ ಅನ್ನೋದು ವಿಡಿಯೊ ನೋಡಿ ಬರಲ್ಲ. ಅನುಭವಸ್ಥರು ಪಕ್ಕದಲ್ಲಿ ಕೂತು ‘ಈ ಪಾಥ್ ನೋಡಮ್ಮ’ ಅಂತ ತೋರಿಸಬೇಕು. ಹಾಗಾಗಿ ಲ್ಯಾಬ್ ಇರುವ ಮೂರು ದಿನದ ತರಬೇತಿ ಹುಡುಕಿದೆವು. ಅದು ಕಂಪನಿ ಕೊಡುವ ದುಡ್ಡಿನೊಳಗೇ ಆಯ್ತು. ಉಳಿದದ್ದರಲ್ಲಿ ಮನೆಯಲ್ಲಿ ಅಭ್ಯಾಸಕ್ಕೆ ಒಂದು ಸಣ್ಣ ಎಫ್‌ಪಿಜಿಎ ಬೋರ್ಡ್ ತಗೊಂಡ್ಲು.

ಚಿಕ್ಕಪ್ಪನಿಗೆ ಇದು ಸಮಾಧಾನ ಆಗಲಿಲ್ಲ. ‘ಬಿಟ್ಟಿ ಸಿಗೋದರಲ್ಲಿ ಏನು ಕಲಿಸ್ತಾರಪ್ಪಾ? ಜೊತೆಯವರೆಲ್ಲ ಲಕ್ಷ ಕಟ್ಟಿ ಸೇರ್ತಿದಾರಲ್ಲ’ ಅಂದ್ರು. ಮಗಳಿಗೆ ಕಮ್ಮಿ ಮಾಡಿದೆನೇನೋ ಅನ್ನೋ ಅಳುಕು ಅವರದ್ದು. ವಾದ ಮಾಡಲಿಲ್ಲ. ಹನ್ನೊಂದು ಸಾಲಿನ ಹಾಳೆ, ಕೋರ್ಸಿನ ಸಿಲಬಸ್ ಎರಡನ್ನೂ ಪಕ್ಕಪಕ್ಕ ಇಟ್ಟು, ‘ಇದರಲ್ಲಿರೋದು ಅದರಲ್ಲಿ ಎಲ್ಲಿದೆ ತೋರಿಸಿ ಚಿಕ್ಕಪ್ಪ’ ಅಂದೆ. ಕನ್ನಡಕ ಹಾಕ್ಕೊಂಡು ಹತ್ತು ನಿಮಿಷ ನೋಡಿದ್ರು. ಆಮೇಲೆ ಬಳೆಯ ಮಾತು ಎತ್ತಲಿಲ್ಲ.

ಹಾಗಂತ ದೊಡ್ಡ ಕೋರ್ಸುಗಳೆಲ್ಲ ದಂಡ ಅಂತ ನಾನು ಹೇಳ್ತಿಲ್ಲ. ಇನ್ನೂ ಕೆಲಸ ಸಿಗದವರಿಗೆ, ಕಾಲೇಜಿನಲ್ಲಿ ಲ್ಯಾಬ್ ಸರಿಯಿಲ್ಲದವರಿಗೆ ಅವು ಬೇಕಾಗಬಹುದು. ಸಿ-ಡ್ಯಾಕ್‌ನ ವಿಎಲ್‌ಎಸ್‌ಐ ಪಿಜಿ ಡಿಪ್ಲೊಮಾ ಇದೆ, ಅದಕ್ಕೆ ಪ್ರವೇಶ ಪರೀಕ್ಷೆಯೂ ಇದೆ. ಖಾಸಗಿ ಸಂಸ್ಥೆಗೆ ಹೋಗೋದಾದರೆ ಫೀಸ್ ಕಟ್ಟೋ ಮುಂಚೆ ಇಷ್ಟು ಕೇಳಿ:

ಒಂದು, ಟೂಲ್ ಯಾವುದು, ಅದರ ಲೈಸೆನ್ಸ್ ಎಷ್ಟು ಜನಕ್ಕಿದೆ, ಕ್ಲಾಸ್ ಮುಗಿದ ಮೇಲೆ ಮನೆಯಿಂದ ಬಳಸಬಹುದಾ? ಇಂಡಸ್ಟ್ರಿ ಟೂಲ್ ನಮಗೆ ಸ್ವಂತಕ್ಕೆ ಕೊಳ್ಳೋಕಾಗಲ್ಲ. ಫೀಸಿಗೆ ನಿಜವಾದ ಬೆಲೆ ಬರೋದು ಇಲ್ಲೇ.

ಎರಡು, ಪ್ರಾಜೆಕ್ಟ್ ಎಲ್ಲರಿಗೂ ಒಂದೇನಾ? ಬ್ಯಾಚಿನ ಎಲ್ಲರ ರೆಸ್ಯೂಮೆಯಲ್ಲೂ ಅದೇ ಎಎಚ್‌ಬಿ-ಎಪಿಬಿ ಬ್ರಿಡ್ಜ್ ಇದ್ದರೆ ಇಂಟರ್‌ವ್ಯೂ ಮಾಡುವವರು ಮೊದಲ ಪ್ರಶ್ನೆಯಲ್ಲೇ ಹಿಡೀತಾರೆ.

ಮೂರು, ಪಾಠ ಮಾಡೋರು ಯಾವ ವರ್ಷದವರೆಗೆ ಚಿಪ್ ಕೆಲಸದಲ್ಲಿದ್ದರು? ಡೆಮೊ ಕ್ಲಾಸಿನವರೇ ಕೊನೆತನಕ ಇರ್ತಾರಾ?

ನಾಲ್ಕು, ‘ಪ್ಲೇಸ್‌ಮೆಂಟ್ ನೆರವು’ ಅಂದರೇನು? ಮಧ್ಯದಲ್ಲಿ ಬಿಟ್ಟರೆ ಫೀಸ್ ಎಷ್ಟು ವಾಪಸ್? ಉತ್ತರ ಬರವಣಿಗೆಯಲ್ಲಿ ಕೊಡಲಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಮಾತ್ರ ಯಾರ ಕೈಗೂ ಕೊಡಬೇಡಿ.

ಐದು, ಹಿಂದಿನ ಬ್ಯಾಚಿನ ಇಬ್ಬರ ಜೊತೆ ಮಾತಾಡಿ. ಅವರನ್ನು ಹುಡುಕೋರು ನೀವಾಗಿರಬೇಕು, ಸಂಸ್ಥೆಯವರು ಕೊಟ್ಟ ನಂಬರ್ ಸಾಲದು.

ತಂಗಿಯ ಪ್ರೊಬೇಷನ್ ಮುಗಿಯೋಕೆ ಇನ್ನೂ ಐದು ತಿಂಗಳಿದೆ. ಭಯ ಪೂರ್ತಿ ಹೋಗಿಲ್ಲ ಅಂತಾಳೆ. ಆದರೆ ಹೋದ ವಾರದ ರಿವ್ಯೂನಲ್ಲಿ ಲ್ಯಾಚಿನ ಬಗ್ಗೆ ಒಂದೂ ಕಾಮೆಂಟ್ ಬಂದಿಲ್ಲ. ಕ್ಲಾಕ್ ದಾಟಿಸೋದರಲ್ಲಿ ಎರಡು ಬಂದಿವೆ, ಅವು ಹಾಳೆಗೆ ಸೇರಿವೆ. ವೆರಿಫಿಕೇಶನ್ ತಂಡಕ್ಕೆ ಹೋಗೋ ಅವಕಾಶ ಬಂದರೆ ಯುವಿಎಂ ಆಗ ಕಲಿತರಾಯ್ತು ಅಂತ ಅವಳೇ ಹೇಳಿದ್ಲು.

ನಿಮ್ಮ ಮನೆಯಲ್ಲೂ ಇಂಥದ್ದೊಂದು ಬ್ರೋಷರ್ ಟೇಬಲ್ ಮೇಲಿದ್ದರೆ, ಈ ಭಾನುವಾರ ಅದರ ಪಕ್ಕ ಒಂದು ಖಾಲಿ ಹಾಳೆ ಇಟ್ಟು ನೋಡಿ.