ಹಳೆಯ ಕಾರಿಗೆ ಹಳೆಯ ಬೆಲೆ ಬೇಡ



ಮನೆಮಂದಿಯೆಲ್ಲ ಕೂರಬೇಕು, ಹಿಂದೆ ಎರಡು ಮೂಟೆಯೂ ಹಿಡಿಸಬೇಕು ಎಂದು ಮಾರುತಿ ಈಕೋದಂಥ ಹಳೆಯ ಗಾಡಿ ಕೊಳ್ಳಲು ನಿಮ್ಮಲ್ಲಿ ಹಲವರು ಯೋಚಿಸುತ್ತಿರಬಹುದು. ಮುಂಗಡ ಕೊಡುವ ಮುನ್ನ ಒಂದು ಲೆಕ್ಕ ಗಮನಿಸಿರಿ.

ನಾಲ್ಕು ಮೀಟರ್ ಉದ್ದ, 1200 ಸಿ.ಸಿ. ಮೀರದ ಪೆಟ್ರೋಲ್ ಕಾರುಗಳಿಗೆ ಮೊದಲು ಜಿ.ಎಸ್.ಟಿ., ಸೆಸ್ ಸೇರಿ ಶೇಕಡಾ 29 ತೆರಿಗೆಯಿತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇಕಡಾ 18ಕ್ಕೆ ಇಳಿದಿದೆ. ತೆರಿಗೆ ಬಿಟ್ಟು 4 ಲಕ್ಷ ರೂ. ಆಗುವ ಹೊಸ ಕಾರಿಗೆ ಆಗ 5,16,000 ರೂ.; ಈಗ 4,72,000 ರೂ. ಅಂದರೆ 44,000 ರೂ. ಕಡಿಮೆ. ಹೊಸದೇ ಅಗ್ಗವಾದ ಮೇಲೆ ಹಳೆಯದಕ್ಕೆ ಹಿಂದಿನ ಬೆಲೆ ಏಕೆ ಕೊಡಬೇಕು? ಮೊದಲು ಷೋರೂಮಿನಲ್ಲಿ ಹೊಸ ಕಾರಿನ ಇಂದಿನ ದರ ಕೇಳಿ, ಅನಂತರ ಚೌಕಾಸಿಗೆ ಕೂರಿರಿ.

ಹಸು ಕೊಳ್ಳುವಾಗ ಹಲ್ಲು ನೋಡುತ್ತೀರಿ, ಇಲ್ಲಿ ಆರ್.ಸಿ. ಪುಸ್ತಕವೋ ಕಾರ್ಡೋ ತೆಗೆಸಿ ನೋಡಿರಿ. ನೋಂದಣಿಯ ಅವಧಿ 15 ವರ್ಷ. 12 ವರ್ಷದ ಗಾಡಿಗೆ ಉಳಿದದ್ದು ಮೂರೇ ವರ್ಷ. ಆಮೇಲೆ ತಪಾಸಣೆ, ನವೀಕರಣದ ಖರ್ಚು ನಿಮ್ಮದೇ. ಗಾಡಿಯ ಮೇಲೆ ಸಾಲವಿದ್ದರೆ ಅದು ತೀರಿದುದಕ್ಕೆ ಬ್ಯಾಂಕಿನ ಪತ್ರ ಕೇಳಿರಿ. ಫಾರಂ 29 ಮತ್ತು 30ಕ್ಕೆ ಸಹಿ ಪಡೆದು ಆರ್.ಸಿ.ಯನ್ನು ನಿಮ್ಮ ಹೆಸರಿಗೆ ಮಾಡಿಸಿರಿ. ವಿಮೆಯ ವರ್ಗಾವಣೆಗೂ 14 ದಿನದೊಳಗೆ ಅರ್ಜಿ ಹಾಕಿರಿ. ಬಾಯಿಮಾತಿನ ವ್ಯಾಪಾರ ಬೇಡ.