ತೊಟ್ಟಿಯೊಳಗಿನ ಕಡಲು

ಲಕ್ಷ್ಮಣತೀರ್ಥದ ದಡದ ಹುಣಸೂರಿನಲ್ಲಿ ಮಿತ್ರರೊಬ್ಬರು ಕಡಲನ್ನೇ ಮನೆಗೆ ತಂದಿರುವರು: ಗಾಜಿನ ತೊಟ್ಟಿ, ಲೀಟರಿಗೆ ಸುಮಾರು 35 ಗ್ರಾಂ ಕಡಲುಪ್ಪು ಬೆರೆಸಿದ ನೀರು, ಕಲ್ಲುಸಂದಿನಲ್ಲಿ ಸೀಗಡಿ, ಬಸವನಹುಳು. ಮಗನಿಗೆ ಈಗ ಟ್ರಿಗರ್ ಮೀನು ಬೇಕಂತೆ.

ಸೊಗಸಾದ ಪ್ರಾಣಿಯೇನೋ ಹೌದು. ಶತ್ರು ಕಂಡೊಡನೆ ಬಂಡೆಯ ಬಿರುಕಿಗೆ ನುಗ್ಗಿ ಬೆನ್ನಿನ ಮೊದಲ ಮುಳ್ಳನ್ನು ನಿಮಿರಿಸುತ್ತದೆ. ಎರಡನೆಯ ಮುಳ್ಳು ಅದಕ್ಕೆ ಅಗುಳಿ. ಎಳೆದರೂ ಬಾರದು. ಆ ಎರಡನೆಯದನ್ನು ಬಂದೂಕಿನ ಕುದುರೆಯಂತೆ ಒತ್ತಿದರೆ ಮಾತ್ರ ಮೊದಲನೆಯದು ಬಾಗುತ್ತದೆ. ಹೆಸರು ಬಂದದ್ದು ಹೀಗೆ. ಕೆಲವು ಜಾತಿಗಳು ಬಾಯಿಂದ ನೀರು ಚಿಮ್ಮಿಸಿ, ಮೈಯೆಲ್ಲ ಮುಳ್ಳಾದ ಕಡಲಜೀವಿಯನ್ನು ಮಗುಚಿ ತಿನ್ನುವುವು. ಅಂತಹ ದವಡೆಗೆ ಸೀಗಡಿ ಯಾವ ಲೆಕ್ಕ? ತೇಲುವ ಸೂಕ್ಷ್ಮಜೀವಿಗಳನ್ನೇ ಹೆಚ್ಚಾಗಿ ತಿನ್ನುವ ಕೆಂಪುಹಲ್ಲಿನ ಜಾತಿಯೊಂದು ತಕ್ಕಮಟ್ಟಿಗೆ ಸಾಧು. ಆದರೂ ಮೊದಲು ಕೇಳಬೇಕಾದುದು ಹುಡುಗನ ತಂಗಿಯನ್ನು. ಸೀಗಡಿಗಳಿಗೆಲ್ಲ ಅವಳು ಹೆಸರಿಟ್ಟಿದ್ದಾಳೆ.