ಗೇರ್ ಬಾಕ್ಸ್ ಬದಲಿಸಿದ್ದು ಪಾಪವಂತೆ!

ಕಳೆದ ಭಾನುವಾರ ಪುಣೆಯ ನಮ್ಮ ಕನ್ನಡದವರೇ ಆದ ಹಿರಿಯರೊಬ್ಬರು ಫೋನ್ ಮಾಡಿ ಮುಕ್ಕಾಲು ಗಂಟೆ ಬೈದರು. ಅವರ ಮನೆಯಲ್ಲಿ ಮೂರು ಹಳೇ ಕಾರುಗಳಿವೆ, ಮೂರಕ್ಕೂ ಹತ್ತಿಬಟ್ಟೆಯ ಹೊದಿಕೆ ಇದೆ. "ನೀವು ಗೇರ್ ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವರು, ನಿಮಗೇ ತಿಳೀಬೇಡವೇ? ಅಂಥಾ ಗಾಡಿಯ ಒರಿಜಿನಲ್ ಗೇರ್ ಬಾಕ್ಸ್ ಕಿತ್ತು ಹಾಕಿದ್ರಲ್ಲ, ಅದು ಪಾಪ ಕಣ್ರೀ" ಎಂದರು. ದೊಡ್ಡವರು, ಫೋನಿನಲ್ಲಿ ಎದುರಾಡಲಿಲ್ಲ. ಇಲ್ಲಿ ಆಡುತ್ತೇನೆ.

ಗಾಡಿ ಜೇಜುರಿಯಲ್ಲಿದೆ. ಉದ್ದ ಚಾಸಿಯ 1968ರ ಮಹೀಂದ್ರಾ ಜೀಪು, ಹಿಂದೆ ತಗಡಿನ ತೊಟ್ಟಿ ಕಟ್ಟಿಸಿ ಪಿಕಪ್ ಮಾಡಿದ್ದು. ಯಜಮಾನ ನನ್ನ ಹಳೇ ಸ್ನೇಹಿತ. ಅವನ ತಂದೆ ನಮ್ಮ ಬೆಳಗಾವಿ ಜಿಲ್ಲೆಯ ಮಂಗಸೂಳಿ ಕಡೆಯಿಂದ ಖಂಡೋಬಾನ ದರ್ಶನಕ್ಕೆ ಬಂದು ಇಲ್ಲೇ ಹೊಲ ಮಾಡಿಕೊಂಡು ಉಳಿದವರು. ಈಗ ಮಗನಿಗೆ ಅಂಜೂರ ಮತ್ತು ಸೀತಾಫಲದ ತೋಟ. ಪುರಂದರ ತಾಲ್ಲೂಕಿನ ಅಂಜೂರಕ್ಕೆ 2016ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿದೆ, ಹೆಸರುವಾಸಿ ಹಣ್ಣು. ಆದರೆ ಅದರಷ್ಟು ನಾಜೂಕಿನ ಹಣ್ಣು ಇನ್ನೊಂದಿಲ್ಲ. ಬೆಳಗ್ಗೆ ಕಿತ್ತದ್ದು ಸಂಜೆಗೆ ಮೆತ್ತಗಾಗುತ್ತದೆ. ನಸುಕಿನಲ್ಲೇ ಕ್ರೇಟು ತುಂಬಿ ಪುಣೆಯ ಮಾರ್ಕೆಟ್ ಯಾರ್ಡ್ ಮುಟ್ಟಿಸಿದರೆ ದುಡ್ಡು, ಇಲ್ಲದಿದ್ದರೆ ಗೊಬ್ಬರ.

ಜೇಜುರಿಯಿಂದ ಪುಣೆಗೆ ಸುಮಾರು ಐವತ್ತು ಕಿಲೋಮೀಟರ್. ಸಾಸವಡ ದಾಟಿದ ಮೇಲೆ ದಿವೇ ಘಾಟ್ ಇಳಿಯಬೇಕು. ಆಷಾಢದಲ್ಲಿ ಜ್ಞಾನೇಶ್ವರರ ಪಾಲಖಿ ಹತ್ತುವ ಅದೇ ಘಾಟ್, ಟಿವಿಯಲ್ಲಿ ನೋಡಿರುತ್ತೀರಿ. ವಾರಕರಿಗಳು ಹತ್ತುತ್ತಾರೆ, ಅಂಜೂರ ಇಳಿಯುತ್ತದೆ. ಹತ್ತುವಾಗ ಗಾಡಿ ಕೈಕೊಟ್ಟರೆ ನಿಲ್ಲುತ್ತದೆ ಅಷ್ಟೇ. ಭಾರ ಹೊತ್ತು ಇಳಿಯುವಾಗ ಕೈಕೊಟ್ಟರೆ ನಿಲ್ಲುವುದಿಲ್ಲ.

ಈ ಗಾಡಿಯ ರೋಗವೇ ಅದು. ಇಳಿಜಾರಿನಲ್ಲಿ ಎರಡನೇ ಗೇರ್ ಸ್ಲಿಪ್ ಆಗಿ ತಾನಾಗಿ ನ್ಯೂಟ್ರಲ್‌ಗೆ ಬರುತ್ತಿತ್ತು. ಎಂಜಿನ್ನಿನ ಹಿಡಿತ ಹೋಗಿ ಎಲ್ಲ ಭಾರ ಬ್ರೇಕಿನ ಮೇಲೆ. ಡ್ರಮ್ ಬ್ರೇಕ್, ಎರಡು ತಿರುವಿನೊಳಗೆ ಕಾಯ್ದು ಹೊಗೆ ವಾಸನೆ. ನನ್ನ ಸ್ನೇಹಿತ ಸೈಕಲ್ ಟ್ಯೂಬಿನ ರಬ್ಬರಿನಿಂದ ಗೇರ್ ಲಿವರನ್ನು ಮುಂದಕ್ಕೆ ಬಿಗಿದು ಕಟ್ಟುತ್ತಿದ್ದ! ಅದೂ ಸಾಲದೆ ಪಕ್ಕದಲ್ಲಿ ಕೂತ ಮಗ ಘಾಟ್ ಮುಗಿಯುವ ತನಕ ಎರಡೂ ಕೈಯಲ್ಲಿ ಲಿವರ್ ಹಿಡಿದಿರುತ್ತಿದ್ದ. ಹದಿನಾರು ವರ್ಷದ ಹುಡುಗ. ಅವನ ಅಂಗೈಯ ಗುಳ್ಳೆ ನೋಡಿದ ದಿನ ನಾನು ಗೇರ್ ಬಾಕ್ಸ್ ಬದಲಿಸೋಣ ಎಂದೆ.

"ರಿಪೇರಿ ಮಾಡಬಹುದಿತ್ತಲ್ಲ" ಎಂದರು ಹಿರಿಯರು. ಸ್ವಾಮಿ, ಎರಡು ಸಲ ಮಾಡಿದ್ದೆವು. ಇದು ಟಿ-90 ಎಂಬ ಮೂರು ಗೇರಿನ ಬಾಕ್ಸ್. ಸಿಂಕ್ರೋ ಬದಲಿಸಿದೆವು, ಬೇರಿಂಗ್ ಬದಲಿಸಿದೆವು, ಎರಡನೇ ಗೇರನ್ನೇ ಹೊಸದು ಹಾಕಿದೆವು. ಒಂದು ಬಹಾರ್ ಚೆನ್ನಾಗಿ ನಡೆಯಿತು, ಮತ್ತೆ ಅದೇ ಕಥೆ. ಕೊನೆಗೆ ಬಿಚ್ಚಿ ಅಳೆದಾಗ ಗೊತ್ತಾಯಿತು, ಸವೆದದ್ದು ಹಲ್ಲಲ್ಲ, ಮನೆ. ಕೆಳಗಿನ ಶಾಫ್ಟ್ ಕೂರುವ ತೂತುಗಳು ಬೀಡಿನಲ್ಲಿ ಮೊಟ್ಟೆಯಾಕಾರವಾಗಿದ್ದವು. ಎರಡು ಶಾಫ್ಟುಗಳು ಸಮಾಂತರವಾಗಿಲ್ಲದಿದ್ದರೆ ಭಾರ ಬಿದ್ದಾಗ ಹಲ್ಲು ಹಲ್ಲನ್ನು ಬರೀ ತಿರುಗಿಸುವುದಿಲ್ಲ, ಪಕ್ಕಕ್ಕೂ ತಳ್ಳುತ್ತದೆ. ಗೇರ್ ಸ್ಲಿಪ್ ಎಂದರೆ ಇದೇ. ಮೂವತ್ತು ವರ್ಷ ನಾನು ಫ್ಯಾಕ್ಟರಿಯಲ್ಲಿ ಕಲಿತದ್ದರಲ್ಲಿ ಖಾತ್ರಿಯಿಂದ ಹೇಳಬಲ್ಲ ಮಾತು ಇದೊಂದು: ಮನೆ ಸೊಟ್ಟಗಾದ ಮೇಲೆ ಒಳಗೆ ಎಷ್ಟು ಹೊಸ ಸಾಮಾನು ತುಂಬಿದರೂ ದಂಡ.

ಇನ್ನು 'ಒರಿಜಿನಲ್' ವಿಚಾರ. ಆ ಜೀಪು ಅಮೆರಿಕದ ವಿಲ್ಲೀಸ್ ಕಂಪನಿಯ ನಕ್ಷೆ, ಮಹೀಂದ್ರಾದವರು ಲೈಸೆನ್ಸ್ ಪಡೆದು ಇಲ್ಲಿ ಕಟ್ಟಿದ್ದು. ಬರುವಾಗ 2.2 ಲೀಟರಿನ ಹರಿಕೇನ್ ಪೆಟ್ರೋಲ್ ಎಂಜಿನ್ ಇತ್ತು. ಸ್ನೇಹಿತನ ತಂದೆ 1984ರಲ್ಲೇ ಅದನ್ನು ತೆಗೆಸಿ ಡೀಸೆಲ್ ಹಾಕಿಸಿ, ಆರ್‌ಸಿ ಪುಸ್ತಕದಲ್ಲಿ ಬರೆಸಿದ್ದಾರೆ. ಆಗ ನಮ್ಮ ದೇಶದ ಅರ್ಧ ಜೀಪುಗಳ ಹಣೆಬರಹ ಅದೇ ಆಗಿತ್ತು, ಪೆಟ್ರೋಲ್ ಹಾಕಿ ಬದುಕುವುದು ಯಾರಿಗೆ ಸಾಧ್ಯವಿತ್ತು? ಆ ಪೆಟ್ರೋಲ್ ಎಂಜಿನ್ನಿಗೆಂದು ಮಾಡಿದ ಬಾಕ್ಸ್ ಸುಮಾರು ನಲವತ್ತು ವರ್ಷ ಡೀಸೆಲಿನ ಗುದ್ದು ತಿಂದಿದೆ. ಅದು ಸವೆಯದೆ ಇನ್ನೇನಾದೀತು?

ಇನ್ನೊಂದು ಮಾತು. ವಿಲ್ಲೀಸ್ ಕುಲದ ಸಿಜೆ-5 ಜೀಪಿಗೆ ಅಮೆರಿಕದಲ್ಲಿ ಟಿ-98 ಎಂಬ ನಾಲ್ಕು ಗೇರಿನ ಬಾಕ್ಸನ್ನೂ ಕೊಡುತ್ತಿದ್ದರು, ಹೆಚ್ಚು ದುಡ್ಡು ಕೊಟ್ಟವರಿಗೆ. ಟಿ-90ರ ಮೊದಲ ಗೇರ್ 2.8ಕ್ಕೆ 1, ಅದರದ್ದು 6.4ಕ್ಕೆ 1. ಅಂದರೆ ಭಾರ ಹೊರುವವನಿಗೆ ಮೂರು ಗೇರ್ ಸಾಲದು ಎಂದು ಮಾಡಿದವರಿಗೇ ಗೊತ್ತಿತ್ತು. ಜೇಜುರಿಯ ರೈತನಿಗೆ ಅದನ್ನು ಯಾರೂ ಕೊಡಲಿಲ್ಲ, ಅಷ್ಟೇ. ಹಾಗಾದರೆ ಒರಿಜಿನಲ್ ಎಂದರೆ ಯಾವುದು, ಅಮೆರಿಕದ ಕ್ಯಾಟಲಾಗಿನದ್ದೋ ನಮಗೆ ಸಿಕ್ಕಿದ್ದೋ? ಬೆಟ್ಟದ ಮೇಲಿರುವ ದೇವರನ್ನೇ ಕೇಳಿ. ನಮಗೆ ಅವನು ಮೈಲಾರ, ಇಲ್ಲಿಯವರಿಗೆ ಖಂಡೋಬಾ. ಇಲ್ಲಿ ಮ್ಹಾಳಸೆಯ ಜೊತೆಗೆ ಕುರಿಗಾರರ ಬಾಣಾಯಿಯನ್ನೂ ಕಟ್ಟಿಕೊಂಡಿದ್ದಾನೆ. ಅವನು ಒರಿಜಿನಲ್ ಅಲ್ಲವೆಂದು ಹೇಳಿ ಯಾರಾದರೂ ಭಂಡಾರ ವಾಪಸ್ ಕೇಳಿದ್ದಾರೆಯೇ?

ಹಿರಿಯರು ಕಾನೂನನ್ನೂ ತೆಗೆದರು. ಸರಿ, ಕಾನೂನನ್ನೇ ಓದೋಣ. 2021ರ ಜುಲೈಯಲ್ಲಿ ಕೇಂದ್ರ ಸರಕಾರ ವಿಂಟೇಜ್ ವಾಹನದ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ ಇವುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಗೇರ್ ಬಾಕ್ಸಿನ ಹೆಸರು ಅಲ್ಲಿಲ್ಲ! ಹೊಸ ನೋಂದಣಿಗೆ 20,000 ರೂಪಾಯಿ, ನಂಬರಿನಲ್ಲಿ 'ವಿಎ' ಎಂಬ ಅಕ್ಷರ. ಆಮೇಲೆ ಗಾಡಿಯನ್ನು ಪ್ರದರ್ಶನಕ್ಕೆ, ರ್‍ಯಾಲಿಗೆ, ರಿಪೇರಿಗೆ, ಎಣ್ಣೆ ಹಾಕಿಸಲು ಒಯ್ಯಬಹುದು. ದಿನನಿತ್ಯ ಓಡಿಸುವಂತಿಲ್ಲ, ಬಾಡಿಗೆ-ವ್ಯಾಪಾರಕ್ಕಂತೂ ಇಲ್ಲವೇ ಇಲ್ಲ. ಡೀಸೆಲ್ ಎಂಜಿನ್ನಿನಿಂದಾಗಿ ನಮ್ಮ ಗಾಡಿ ಹೇಗೂ ಅದಕ್ಕೆ ಲಾಯಕ್ಕಲ್ಲ. ಲಾಯಕ್ಕಾಗಿದ್ದರೂ ಅಂಜೂರ ಯಾರು ಹೊರಬೇಕು? ಸ್ನೇಹಿತನಿಗೆ ಇದನ್ನು ಓದಿ ಹೇಳಿದೆ. "ಸಾಹೇಬ್ರ, ಮೆರವಣಿಗಿ ಕುದುರಿ ಬ್ಯಾರೆ, ಹೊಲದ ಎತ್ತ ಬ್ಯಾರೆ. ನಮ್ದು ಎತ್ತ ನೋಡ್ರಿ" ಅಂದ.

ಹೊಸದು ತಗೊಳ್ಳಲಿ, ಇದನ್ನು ಗುಜರಿಗೆ ಹಾಕಲಿ ಎನ್ನುವವರೂ ಇದ್ದಾರೆ. ಅವರು ಕಂತು ಕಟ್ಟುವುದಾದರೆ ನನ್ನ ಅಡ್ಡಿಯಿಲ್ಲ.

ಹಿರಿಯರ ಒಂದು ಮಾತನ್ನು ಮಾತ್ರ ಒಪ್ಪುತ್ತೇನೆ. ಹಳೇ ಗಾಡಿಗೆ ಗ್ಯಾಸ್ ಕಟರ್ ಹಿಡಿದು ನುಗ್ಗುವವರನ್ನು ಕಂಡರೆ ನನಗೂ ಮೈ ಉರಿಯುತ್ತದೆ. ಬಾಕ್ಸ್ ಕೂರಲಿಲ್ಲವೆಂದು ಚಾಸಿಯ ಅಡ್ಡಪಟ್ಟಿ ಕತ್ತರಿಸಿ, ವೆಲ್ಡಿಂಗ್ ಮೆತ್ತಿ, ಮೇಲೆ ಕಪ್ಪು ಬಣ್ಣ ಬಳಿದು ಕಳಿಸುವ ಗ್ಯಾರೇಜುಗಳಿವೆ. ನಾವು ಹಾಗೆ ಮಾಡಲಿಲ್ಲ. ಗುಜರಿಗೆ ಬಂದ ಆಮೇಲಿನ ಕಾಲದ ಮಹೀಂದ್ರಾ ಜೀಪಿನಿಂದ ನಾಲ್ಕು ಗೇರಿನ ಬಾಕ್ಸ್ ತಂದೆವು. ಎಂಜಿನ್ನಿಗೂ ಬಾಕ್ಸಿಗೂ ನಡುವೆ ಒಂದು ಉಕ್ಕಿನ ಪ್ಲೇಟ್ ಮಾಡಿಸಿದೆವು. ಈ ಕೆಲಸದಲ್ಲಿ ಎಲ್ಲರೂ ಅವಸರ ಮಾಡುವುದು ಇಲ್ಲೇ. ತೂತು ಹೊಂದಿತು, ಬೋಲ್ಟ್ ಬಿಗಿಯಿತು ಅಂದರೆ ಆಗಲಿಲ್ಲ. ಕ್ರ್ಯಾಂಕಿನ ಕೇಂದ್ರವೂ ಗೇರ್ ಬಾಕ್ಸ್ ಶಾಫ್ಟಿನ ಕೇಂದ್ರವೂ ಒಂದೇ ಗೆರೆಯಲ್ಲಿರಬೇಕು. ಡಯಲ್ ಗೇಜ್ ಇಟ್ಟು ತಿರುಗಿಸಿ, ಮುಳ್ಳು ಅಲ್ಲಾಡುವುದು ಕೂದಲೆಳೆಗೆ ಬರುವ ತನಕ ಎರಡು ದಿನ ಒದ್ದಾಡಿದೆವು. ಲೇತಿನ ಹುಡುಗ ನನ್ನನ್ನು ಮನಸ್ಸಿನಲ್ಲಿ ಎಷ್ಟು ಬೈದನೋ. ಕ್ಲಚ್ ಪ್ಲೇಟಿನ ನಡುವಿನ ಹಲ್ಲು ಹೊಸ ಶಾಫ್ಟಿಗೆ ಹೊಂದುವಂಥದ್ದು ಹುಡುಕಿದೆವು. ಹೊಸ ಬಾಕ್ಸ್ ಉದ್ದ, ಹಾಗಾಗಿ ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಗಿಡ್ಡ ಮಾಡಿಸಿ ಬ್ಯಾಲೆನ್ಸ್ ಮಾಡಿಸಿದೆವು, ಮುಂದಿನದನ್ನು ಉದ್ದ ಮಾಡಿಸಿದೆವು. ಬಾಕ್ಸಿನ ಕೆಳಗಿನ ಆಧಾರಪಟ್ಟಿ ಬೋಲ್ಟಿನದು, ವೆಲ್ಡಿಂಗ್ ಇಲ್ಲ. ನಾಳೆ ಯಾರಿಗಾದರೂ ಹಳೇ ಬಾಕ್ಸೇ ಬೇಕೆನಿಸಿದರೆ ಮೂರು ದಿನದಲ್ಲಿ ವಾಪಸ್ ಕೂರಿಸಬಹುದು. ಕಳೆದುಕೊಂಡದ್ದು ಒಂದೇ, ಎರಡನೇ ಗೇರಿನಲ್ಲಿ ಆ ಗಾಡಿ ಹಾಡುತ್ತಿದ್ದ ಕುಂಯ್ ಎಂಬ ರಾಗ. ಅದರ ನೆನಪು ನನಗೂ ಆಗುತ್ತದೆ, ಸುಳ್ಳು ಯಾಕೆ ಹೇಳಲಿ.

ಈ ಚಳಿಗಾಲದ ಖಟ್ಟಾ ಬಹಾರ್ ಪೂರ್ತಿ ಹೊಸ ಬಾಕ್ಸಿನಲ್ಲೇ ಇಳಿದಿದೆ. ಹುಡುಗ ಈಗ ಪಕ್ಕದ ಸೀಟಿನಲ್ಲಿ ನಿದ್ದೆ ಮಾಡುತ್ತಾನೆ.

ಹಳೇ ಟಿ-90 ಅನ್ನು ಎಣ್ಣೆ ಹಚ್ಚಿ ಗೋಣಿಚೀಲದಲ್ಲಿ ಕಟ್ಟಿ ಜೇಜುರಿಯಲ್ಲೇ ಇಟ್ಟಿದ್ದೇವೆ. ಹಿರಿಯರು ಬಯಸಿದರೆ ಪುಕ್ಕಟೆ ಒಯ್ಯಲಿ. ಒಂದೇ ಷರತ್ತು. ಅದನ್ನು ತಮ್ಮದೊಂದು ಗಾಡಿಗೆ ಕೂರಿಸಿ, ಮೂವತ್ತು ಕ್ರೇಟು ಅಂಜೂರ ಹೇರಿಕೊಂಡು, ನಸುಕಿನ ಐದು ಗಂಟೆಗೆ ದಿವೇ ಘಾಟ್ ಇಳಿದು ತೋರಿಸಲಿ. ಲಿವರ್ ಹಿಡಿಯಲು ಬೇಕಾದರೆ ನಾನೇ ಪಕ್ಕದಲ್ಲಿ ಕೂರುತ್ತೇನೆ.